ವಿದ್ಯಾರ್ಥಿಯೋ, ವಾಸಾರ್ಥಿಯೋ?

ಸಂಸ್ಕೃತದಲ್ಲಿ ವಸ್ ಎಂಬುದೊಂದು ಧಾತು. ವಾಸಿಸುವುದು ಅದರ ಅರ್ಥ. ಅದಕ್ಕೆ ‘ನಿ’ ಎಂಬ ಉಪಸರ್ಗವು ಸೇರಿದರೆ ನಿವಾಸವಾಗುತ್ತದೆ. ‘ಪ್ರ’ ಸೇರಿದರೆ ಪ್ರವಾಸ. ‘ವಿ’ ಸೇರಿದರೆ ವಿವಾಸ, ಎಂದರೆ ಮನೆಯಿಂದ ಹೊರಡಿಸಲ್ಪಡುವುದು. ಗುರುವಿನ ಸಮೀಪದಲ್ಲಿ ವಾಸಿಸುವವನು ಅಂತೇವಾಸಿ, ಅವನೇ ಶಿಷ್ಯ. ಧಾತು ಒಂದೇ, ಅರ್ಥಗಳು ಮಾತ್ರ ಒಂದಕ್ಕೊಂದು ಬಹುದೂರ. ಓದಿನ ನಿಮಿತ್ತವಾಗಿ ಪರದೇಶಗಳಿಗೆ ಹೋಗಿ ಅಲ್ಲಿಯೇ ನೆಲಸುವ ಭಾರತೀಯ ತರುಣರ ವಿಷಯದಲ್ಲಿ ಈ ನಾಡಿನ ಸಭೆಗಳಲ್ಲಿ ನಡೆಯುತ್ತಿರುವ ವಾದವನ್ನು ಕೇಳಿದರೆ, ವಾದಿಗಳು ಈ ನಾಲ್ಕು ಶಬ್ದಗಳನ್ನೂ ಒಂದೆಂದೇ ಭಾವಿಸಿರುವಂತೆ ತೋರುತ್ತದೆ. ಅಂತೇವಾಸಿಯಾಗಲು ಹೋದವನು ಯಾರು, ನಿವಾಸವನ್ನರಸಿ ಹೋದವನು ಯಾರು, ಪ್ರವಾಸವೆಂದು ನಂಬಿಸಿ ವಿವಾಸಕ್ಕೆ ಕಳುಹಿಸಲ್ಪಟ್ಟವನು ಯಾರು ಎಂಬ ವಿವೇಚನೆಯಿಲ್ಲದೆ ಹೊಗಳುವವರು ಹೊಗಳುತ್ತಿದ್ದಾರೆ, ಬೈಯುವವರು ಬೈಯುತ್ತಿದ್ದಾರೆ. ಹೊಗಳಿಕೆಯೂ ಬೈಗುಳವೂ ಎರಡೂ ಸಲ್ಲತಕ್ಕ ಕಡೆಗೆ ಸಲ್ಲುತ್ತಿಲ್ಲ.

ಬೈಯುವವರ ಪಕ್ಷವನ್ನು ಮೊದಲು ಪರಿಶೀಲಿಸಬಹುದು. ಇದು ಹೊಸ ಪಕ್ಷವಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ. ಅದೇ ಸೂತ್ರವು ಉತ್ತರದೇಶದವರ ಆಚಾರಗಳನ್ನು ಹೇಳುವಾಗ ಸಮುದ್ರಯಾನವನ್ನೂ ಅವುಗಳಲ್ಲಿ ಸೇರಿಸಿದೆ. ನಿಷೇಧವಿದ್ದ ಕಾಲದಲ್ಲಿಯೇ ಜನರು ಹಡಗು ಹತ್ತುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಸೂತ್ರವನ್ನು ಹಿಡಿದು ಪ್ರಾಯಶ್ಚಿತ್ತದ ಜಗಳಗಳು ನಡೆದವು. ಜಗಳ ಮುಗಿಯುವುದರೊಳಗೆ ಜಗಳವಾಡಿದವರ ಮೊಮ್ಮಕ್ಕಳು ಹಡಗನ್ನು ಹತ್ತಿಯಾಗಿತ್ತು. ಇಂದು ಪತನದ ಮಾತನ್ನು ಯಾರೂ ಆಡುವುದಿಲ್ಲ. ಅದರ ಸ್ಥಾನದಲ್ಲಿ ದೇಶದ್ರೋಹ, ಮಾತೃಋಣ, ಪ್ರತಿಭಾಪಲಾಯನ ಎಂಬ ಮಾತುಗಳು ಬಂದಿವೆ. ಹೆಸರು ಬದಲಾಯಿಸಿದೆ, ಬೈಗುಳ ಹಾಗೆಯೇ ಉಳಿದಿದೆ.

ಈ ಪಕ್ಷದವರು ಕಚನ ಕಥೆಯನ್ನು ಉದಾಹರಿಸುವುದುಂಟು. ಕಚನು ಮೃತಸಂಜೀವಿನೀ ವಿದ್ಯೆಗಾಗಿ ಶತ್ರುಪಕ್ಷದ ಗುರುವಾದ ಶುಕ್ರಾಚಾರ್ಯನ ಬಳಿಗೆ ಹೋದನು. ಅಸುರರು ಅವನನ್ನು ಕೊಂದರೂ ಬಿಡದೆ ಕಲಿತನು. ದೇವಯಾನಿಯು ವರಿಸಿದರೂ ಒಪ್ಪದೆ ಸ್ವಲೋಕಕ್ಕೆ ಹಿಂದಿರುಗಿದನು. ಈಗಿನ ತರುಣರು ದೇವಯಾನಿಯ ಬಳಿಯಲ್ಲಿಯೇ ಉಳಿದುಬಿಡುತ್ತಾರೆಂಬುದು ಇವರ ಆಕ್ಷೇಪ. ದೃಷ್ಟಾಂತವು ಸೊಗಸಾಗಿದೆ, ಆದರೆ ಇವರು ಅದರ ಅರ್ಧವನ್ನು ಮಾತ್ರ ಹೇಳುತ್ತಾರೆ. ಕಚನು ತಾನಾಗಿ ಹೋದವನಲ್ಲ. ದೇವತೆಗಳೇ ಅವನನ್ನು ಪ್ರಾರ್ಥಿಸಿ, ತರಬೇಕಾದ ವಿದ್ಯೆ ಯಾವುದೆಂಬುದನ್ನು ತಿಳಿಸಿ, ಅವನಿಗೆ ತಮ್ಮಲ್ಲಿ ಭಾಗವುಂಟೆಂದು ಮಾತು ಕೊಟ್ಟು ಕಳುಹಿಸಿದರು. ಹಿಂದಿರುಗಿದವನನ್ನು ಅವರು ಸಂತೋಷದಿಂದ ಎದುರುಗೊಂಡರು. ಕಚನಿಂದ ಹಿಂದಿರುಗುವಿಕೆಯನ್ನು ಅಪೇಕ್ಷಿಸುವವರು ದೇವತೆಗಳ ಕರ್ತವ್ಯವನ್ನೂ ಸ್ವಲ್ಪ ನೆನೆಯಬೇಡವೆ?

ಹಿಂದಿರುಗಿ ಬಂದವರಿಗೆ ಈ ದೇಶವು ಕೊಟ್ಟ ಸ್ವಾಗತದ ವಿಷಯದಲ್ಲಿ ಒಂದು ನಿದರ್ಶನವುಂಟು. ೧೯೧೩ರಲ್ಲಿ ಭೀಮರಾವ್ ಅಂಬೇಡ್ಕರರು ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದರು. ಓದು ಮುಗಿದ ಮೇಲೆ ಹತ್ತು ವರ್ಷ ಆ ಸಂಸ್ಥಾನದ ಸೇವೆ ಮಾಡತಕ್ಕದ್ದೆಂಬ ಕರಾರು ಇದ್ದಿತು. ಅವರು ಮಾತಿಗೆ ತಪ್ಪಲಿಲ್ಲ. ೧೯೧೭ರಲ್ಲಿ ಬರೋಡಕ್ಕೆ ಬಂದರು. ಅಷ್ಟು ದೊಡ್ಡ ಊರಿನಲ್ಲಿ ಆ ವಿದ್ವಾಂಸರಿಗೆ ವಾಸಕ್ಕೆ ಒಂದು ಕೊಠಡಿ ದೊರೆಯಲಿಲ್ಲ. ಜಾತಿಯನ್ನು ಮರೆಮಾಚಿ ಪಾರಸಿಗಳ ಛತ್ರವೊಂದರಲ್ಲಿ ಇಳಿದುಕೊಂಡರೆ, ಗುಟ್ಟು ತಿಳಿದವರು ಕೋಲು ಹಿಡಿದು ಬಂದು ಹೊರಗೆ ಹಾಕಿದರು. ಅಮೆರಿಕದಲ್ಲಿ ಮಲಗಲು ಸ್ಥಳವಿದ್ದವನಿಗೆ ಸ್ವದೇಶದಲ್ಲಿ ಇಲ್ಲದೆ ಹೋಯಿತು. ಪರದೇಶದಲ್ಲಿ ನೆಲಸಿದವನನ್ನು ದ್ರೋಹಿಯೆನ್ನುವ ಮೊದಲು, ಅವನು ಹಿಂದಿರುಗಿದ್ದರೆ ಯಾವ ಬೀದಿಯಲ್ಲಿ ಮನೆ ಬಾಡಿಗೆಗೆ ಸಿಗುತ್ತಿತ್ತೆಂದು ಬೈಯುವವರು ಕೇಳಿಕೊಳ್ಳಬೇಕು. ಆ ಪ್ರಶ್ನೆ ೧೯೧೭ಕ್ಕೇ ಮುಗಿದುಹೋಯಿತೆಂದು ಹೇಳುವ ಧೈರ್ಯವು ಈ ಜಿಲ್ಲೆಯ ಎಷ್ಟು ಮಂದಿ ಮನೆಮಾಲಿಕರಿಗೆ ಉಂಟು?

ಇನ್ನು ಉಳಿದುಬಿಟ್ಟವರೆಲ್ಲರೂ ಮಾತೃಋಣವನ್ನು ಮರೆತವರೆಂಬ ಮಾತು. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರು ೧೯೫೯ರಲ್ಲಿ ಓದಿಗಾಗಿ ಅಮೆರಿಕಕ್ಕೆ ಹೋಗಿ, ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ, ೧೯೯೩ರಲ್ಲಿ ಅಲ್ಲಿಯೇ ತೀರಿಕೊಂಡರು. ತೀರ್ಥಹಳ್ಳಿಯ ಸೀಮೆಯ ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದಿ, ೧೯೬೬ರಲ್ಲಿ ಡಾಕ್ಟರೇಟ್ ಪಡೆದು, ನಾಡಿಗೆ ಹಿಂದಿರುಗಿದರು. ಹಿಂದಿರುಗಿದವರು ‘ಸಂಸ್ಕಾರ’ವನ್ನು ಬರೆದದ್ದು ಪರದೇಶದಲ್ಲಿದ್ದಾಗ, ಅದನ್ನು ೧೯೭೬ರಲ್ಲಿ ಇಂಗ್ಲಿಷಿಗೆ ತಂದು ಲೋಕಕ್ಕೆ ಪರಿಚಯಿಸಿದವರು ಹಿಂದಿರುಗದೆ ಉಳಿದ ರಾಮಾನುಜನ್ನರು. ಶಿವಶರಣರ ವಚನಗಳು ೧೯೭೩ರಲ್ಲಿ ಇಂಗ್ಲಿಷ್ ವಾಚಕರ ಕೈಸೇರಿದ್ದೂ ಅವರಿಂದಲೇ. ಇವರಿಬ್ಬರಲ್ಲಿ ಕನ್ನಡದ ಋಣವನ್ನು ತೀರಿಸಿದವರು ಯಾರು, ತೀರಿಸದವರು ಯಾರು? ಋಣವು ತೀರುವುದು ಕೆಲಸದಿಂದ; ವಿಳಾಸದಿಂದಲ್ಲ. ಊರಿನಲ್ಲಿಯೇ ಹುಟ್ಟಿ ಊರಿನಲ್ಲಿಯೇ ಸತ್ತು ಊರಿಗೆ ಒಂದು ಕಾಸಿನ ಉಪಕಾರವನ್ನೂ ಮಾಡದವರ ಪಟ್ಟಿಯನ್ನು ಬರೆಯಹೊರಟರೆ ಕಾಗದವು ಸಾಲದು. ಆದಕಾರಣ ಬೈಯುವವರ ಪಕ್ಷವು ನಿಲ್ಲತಕ್ಕದ್ದಲ್ಲ.

ಹಾಗಾದರೆ ಹೊಗಳುವವರ ಪಕ್ಷವೇ ಸಿದ್ಧಾಂತವೋ ಎಂದರೆ, ಅದು ಮೊದಲನೆಯದಕ್ಕಿಂತಲೂ ಕೆಟ್ಟದ್ದು. ಬೈಯುವವನಿಂದ ಮನಸ್ಸಿಗೆ ಮಾತ್ರ ನೋವು. ಹೊಗಳುವವನಿಂದ ಮನೆಯೇ ಹೋಗುತ್ತದೆ. ‘ಹೋಗು, ಓದು, ದುಡಿ, ನೆಲಸು’ ಎಂಬುದು ಈ ಪಕ್ಷದ ಚತುಸ್ಸೂತ್ರಿ. ಜಿಲ್ಲೆಯ ಮುಖ್ಯಪಟ್ಟಣಗಳಲ್ಲಿ ಬಸ್ ನಿಲ್ದಾಣದ ಎದುರಿಗೆ, ಕಾಲೇಜಿನ ಗೋಡೆಯ ಮೇಲೆ ಇದರ ಫಲಕಗಳು ಕಾಣುತ್ತವೆ. ನಾಲ್ಕು ಕ್ರಿಯಾಪದಗಳೂ ಒಂದರ ಹಿಂದೆ ಒಂದು ತಾವಾಗಿಯೇ ಬರುವುವೆಂಬಂತೆ ಅವುಗಳಲ್ಲಿ ಬರೆದಿರುತ್ತದೆ. ವಾಸ್ತವದಲ್ಲಿ ಇವು ನಾಲ್ಕು ಬೇರೆ ಬೇರೆ ಅಪ್ಪಣೆಗಳು. ಒಂದು ದೊರೆತವನಿಗೆ ಮತ್ತೊಂದು ದೊರೆಯಲೇಬೇಕೆಂಬ ನಿಯಮವು ಯಾವ ದೇಶದ ಕಾಯಿದೆಯಲ್ಲಿಯೂ ಇಲ್ಲ. ಇರುವ ನಿಯಮಗಳೂ ಓದುವವನು ಓದುತ್ತಿರುವಾಗಲೇ ಮಾರ್ಪಡುತ್ತವೆ.

ಇಂಗ್ಲೆಂಡಿನ ಸರ್ಕಾರವು ಓದು ಮುಗಿಸಿದವರಿಗಿದ್ದ ಎರಡು ವರ್ಷದ ಕೆಲಸದ ಅಪ್ಪಣೆಯನ್ನು ೨೦೧೨ರಲ್ಲಿ ತೆಗೆದುಹಾಕಿತು. ೨೦೨೧ರಲ್ಲಿ ಮತ್ತೆ ಕೊಟ್ಟಿತು. ೨೦೨೪ರ ಜನವರಿಯಿಂದ, ಸಂಶೋಧನೆಯ ತರಗತಿಗಳ ಹೊರತು ಉಳಿದವರು ಹೆಂಡತಿಮಕ್ಕಳನ್ನು ಕರೆತರಕೂಡದೆಂದಿತು. ೨೦೨೭ರ ಜನವರಿಯಿಂದ ಅರ್ಜಿ ಹಾಕುವವರಿಗೆ, ಡಾಕ್ಟರೇಟ್ ಪಡೆದವರನ್ನು ಬಿಟ್ಟು, ಎರಡು ವರ್ಷವನ್ನು ೧೮ ತಿಂಗಳಿಗೆ ಇಳಿಸುವುದಾಗಿ ೨೦೨೫ರಲ್ಲಿ ಸಾರಿತು. ಅಮೆರಿಕದಲ್ಲಿ ೨೦೨೪-೨೫ರ ಸಾಲಿನಲ್ಲಿ ೩ ಲಕ್ಷ ೬೩ ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಓದಿನ ಮೇಲೆ ಅವರು ಉಳಿಯಬೇಕಾದರೆ ಸಾಮಾನ್ಯವಾಗಿ ಬೇಕಾಗುವ ಎಚ್-೧ಬಿ ಎಂಬ ಕೆಲಸದ ವೀಸಾಗಳ ವಾರ್ಷಿಕ ಮಿತಿಯೋ, ಲೋಕದ ಎಲ್ಲ ದೇಶದವರಿಗೂ ಸೇರಿ ೮೫ ಸಾವಿರ. ಅರ್ಜಿಗಳು ಮಿತಿಯನ್ನು ಮೀರಿದಾಗ ಚೀಟಿ ಎತ್ತುತ್ತಾರೆ. ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಅರ್ಜಿಗೆ ೧ ಲಕ್ಷ ಡಾಲರ್ ತೆರಬೇಕೆಂಬ ಘೋಷಣೆಯೂ ೨೦೨೫ರ ಸೆಪ್ಟೆಂಬರಿನಲ್ಲಿ ಹೊರಟಿತು. ಅದನ್ನೂ ದಾಟಿ ಶಾಶ್ವತವಾಸಕ್ಕೆ ನಿಂತರೆ, ಉದ್ಯೋಗದ ಆಧಾರದ ಮೇಲೆ ಕೊಡುವ ಪತ್ರಗಳಲ್ಲಿ ಯಾವ ಒಂದು ದೇಶದವರಿಗೂ ಸಾಮಾನ್ಯವಾಗಿ ನೂರಕ್ಕೆ ೭ಕ್ಕಿಂತ ಹೆಚ್ಚು ಸಲ್ಲದೆಂಬ ನಿಯಮ. ೧೪೦ ಕೋಟಿ ಜನರ ದೇಶಕ್ಕೂ ಸಣ್ಣದೊಂದು ದ್ವೀಪಕ್ಕೂ ಒಂದೇ ಮಿತಿ! ಹತ್ತು ವರ್ಷಕ್ಕೆ ಮೇಲ್ಪಟ್ಟು ಸಾಲಿನಲ್ಲಿ ನಿಂತಿರುವವರು ಅನೇಕರು. ನಿಂತಿರುವಾಗಲೇ ಮಕ್ಕಳಿಗೆ ೨೧ ವರ್ಷ ತುಂಬಿದರೆ ಅವರು ತಂದೆಯ ಅರ್ಜಿಯಿಂದ ಹೊರಬೀಳುತ್ತಾರೆ.

ಇವೆಲ್ಲಕ್ಕಿಂತಲೂ ಬೋಧಪ್ರದವಾದದ್ದು ಕೆನಡದ ವೃತ್ತಾಂತ. ಆ ದೇಶದ ಒಂಟಾರಿಯೊ ಪ್ರಾಂತವು ೨೦೧೯ರಲ್ಲಿ ತನ್ನ ಮಕ್ಕಳ ಶಿಕ್ಷಣಶುಲ್ಕವನ್ನು ನೂರಕ್ಕೆ ೧೦ರಷ್ಟು ಇಳಿಸಿ, ಮುಂದೆ ಹಲವು ವರ್ಷಗಳವರೆಗೆ ಏರಿಸಗೊಡಲಿಲ್ಲ. ಕಾಲೇಜುಗಳ ವೆಚ್ಚವು ಎಲ್ಲಿಂದ ಬರಬೇಕು? ಹೊರದೇಶದ ವಿದ್ಯಾರ್ಥಿಗಳಿಂದ ಬಂದಿತು. ಆ ಪ್ರಾಂತದ ಲೆಕ್ಕಪರಿಶೋಧಕರೇ ೨೦೨೧ರ ವರದಿಯಲ್ಲಿ ಬರೆದಿರುವ ಪ್ರಕಾರ, ಸಾರ್ವಜನಿಕ ಕಾಲೇಜುಗಳ ಬೋಧನಾಶುಲ್ಕದ ಆದಾಯದಲ್ಲಿ ನೂರಕ್ಕೆ ೬೮ ಭಾಗವನ್ನು ತೆತ್ತವರು ಪರದೇಶದ ವಿದ್ಯಾರ್ಥಿಗಳು. ಆ ಪರದೇಶಿಗಳಲ್ಲಿ ನೂರಕ್ಕೆ ೬೨ ಮಂದಿ ಭಾರತೀಯರು. ಅಲ್ಲಿಯ ಕಾಲೇಜುಗಳು ಇಲ್ಲಿಯ ದಲ್ಲಾಳಿಗಳಿಗೆ ಕಮಿಷನ್ ಕೊಡುತ್ತಿದ್ದುದೂ ಅದೇ ವರದಿಯಲ್ಲಿ ಬಯಲಾಗಿದೆ. ಕೆನಡದ ವಿಶ್ವವಿದ್ಯಾನಿಲಯಗಳಲ್ಲಿ ೨೦೨೩-೨೪ರ ಸಾಲಿನಲ್ಲಿ ಪದವಿ ತರಗತಿಯ ಸರಾಸರಿ ವಾರ್ಷಿಕ ಶುಲ್ಕವು ಆ ದೇಶದವರಿಗೆ ೭ ಸಾವಿರ ಡಾಲರಿಗೆ ಸ್ವಲ್ಪ ಮೇಲೆ. ಹೊರಗಿನವರಿಗೆ ೩೮ ಸಾವಿರಕ್ಕೂ ಮೇಲೆ. ಮಾಗಡಿಯ ರೈತನೂ ಲೂಧಿಯಾನದ ರೈತನೂ ಸಾಲ ಮಾಡಿ ಟೊರಾಂಟೊ ನಗರದ ಗೃಹಸ್ಥನ ಮಗನಿಗೆ ವಿದ್ಯಾದಾನ ಮಾಡಿದಂತಾಯಿತು. ದಾನಿಗೆ ತಾನು ದಾನಿಯೆಂಬುದು ತಿಳಿದಿರಲಿಲ್ಲ, ಅಷ್ಟೆ.

೨೦೨೩ರ ಕೊನೆಯ ಹೊತ್ತಿಗೆ ಕೆನಡದಲ್ಲಿ ಓದುವ ಅಪ್ಪಣೆಪತ್ರವುಳ್ಳವರ ಸಂಖ್ಯೆ ೧೦ ಲಕ್ಷ ೪೦ ಸಾವಿರವಾಯಿತು. ಅವರಲ್ಲಿ ೪ ಲಕ್ಷಕ್ಕೆ ಮೇಲ್ಪಟ್ಟು ಭಾರತೀಯರು. ಆಳುಗಳ ಕೊರತೆಯಿದ್ದಾಗ, ೨೦೨೨ರ ನವೆಂಬರಿನಲ್ಲಿ, ವಿದ್ಯಾರ್ಥಿಗಳು ಎಷ್ಟು ಗಂಟೆ ಬೇಕಾದರೂ ದುಡಿಯಲೆಂದು ಸರ್ಕಾರವು ಮಿತಿಯನ್ನು ತೆಗೆಯಿತು. ಮನೆಗಳ ಬಾಡಿಗೆ ಏರಿ ಅಲ್ಲಿಯ ಜನರು ಗೊಣಗತೊಡಗಿದಾಗ ಅದೇ ವಿದ್ಯಾರ್ಥಿಯು ಭಾರವಾಗಿ ಕಂಡನು. ೨೦೨೪ರ ಜನವರಿಯಲ್ಲಿ ಹೊಸ ಅಪ್ಪಣೆಗಳಿಗೆ ಮಿತಿ ಬಂದಿತು; ಮೇ ತಿಂಗಳಿನಿಂದ, ಸಾರ್ವಜನಿಕ ಕಾಲೇಜಿನ ಪಾಠಕ್ರಮವನ್ನು ಬಾಡಿಗೆಗೆ ಪಡೆದು ನಡೆಸುವ ಖಾಸಗಿ ಶಾಲೆಗಳಿಗೆ ಹೊಸದಾಗಿ ಸೇರುವವರಿಗೆ ಓದಿನ ಮೇಲಿನ ಕೆಲಸದ ಅಪ್ಪಣೆ ಇಲ್ಲವಾಯಿತು; ನವೆಂಬರಿನಿಂದ, ಹೊಸದಾಗಿ ಕಾಲೇಜಿನ ಡಿಪ್ಲೊಮಾಕ್ಕೆ ಹೋಗುವವನು ಗೊತ್ತಾದ ಕೆಲವು ವಿಷಯಗಳನ್ನು ಓದಿದರೆ ಮಾತ್ರ ಆ ಅಪ್ಪಣೆಯೆಂದಾಯಿತು; ದುಡಿಮೆಯು ವಾರಕ್ಕೆ ೨೪ ಗಂಟೆಗೆ ನಿಂತಿತು. ಹೊರಗಿನ ವಿದ್ಯಾರ್ಥಿಗಳು ಕಡಿಮೆಯಾದೊಡನೆ ಒಂಟಾರಿಯೊದ ಕಾಲೇಜುಗಳು ನೂರಾರು ಪಾಠಕ್ರಮಗಳನ್ನು ನಿಲ್ಲಿಸಿ, ಉಪಾಧ್ಯಾಯರನ್ನು ಮನೆಗೆ ಕಳುಹಿಸಿದವು. ಯಾರ ಹಣದಿಂದ ಯಾರ ಮನೆ ನಿಂತಿತ್ತೆಂಬುದಕ್ಕೆ ಇನ್ನು ಬೇರೆ ಸಾಕ್ಷಿ ಏಕೆ? ಒಂದು ರಾಜ್ಯವು ತನ್ನ ದೇಶಕ್ಕೆ ಯಾರು ಬರಬೇಕೆಂದು ನಿರ್ಣಯಿಸುವುದು ಅದರ ಹಕ್ಕು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕರೆದು, ಶುಲ್ಕವನ್ನು ತೆಗೆದುಕೊಂಡು, ದುಡಿಸಿಕೊಂಡು, ಆಮೇಲೆ ಬಂದವನದೇ ತಪ್ಪೆಂದು ಹೇಳುವುದು ಯಾವ ರಾಜನೀತಿಯಲ್ಲಿಯೂ ಇಲ್ಲ.

ಹೊಗಳುವವರು ಇಲ್ಲಿಗೂ ಸೋಲುವುದಿಲ್ಲ. ‘ಹುಡುಗನು ಅಲ್ಲಿಯೇ ದುಡಿದು ಶುಲ್ಕ ಕಟ್ಟಿಕೊಳ್ಳುತ್ತಾನೆ’ ಎನ್ನುತ್ತಾರೆ. ಪ್ರಾಥಮಿಕ ಶಾಲೆಯ ಗಣಿತವು ಈ ಮಾತನ್ನು ಪರೀಕ್ಷಿಸಲು ಸಾಕು. ೨೦೨೫ರ ಅಕ್ಟೋಬರಿನಲ್ಲಿ ಒಂಟಾರಿಯೊದ ಕನಿಷ್ಠ ಕೂಲಿ ಗಂಟೆಗೆ ೧೭.೬೦ ಡಾಲರ್. ವಾರಕ್ಕೆ ೨೪ ಗಂಟೆ ದುಡಿದರೆ ೪೨೨ ಡಾಲರ್. ೫೨ ವಾರಗಳಲ್ಲಿ ಒಂದು ವಾರವನ್ನೂ ಬಿಡದೆ ದುಡಿದರೆ ಸುಮಾರು ೨೨ ಸಾವಿರ ಡಾಲರ್. ಅದೇ ವರ್ಷದ ಸೆಪ್ಟೆಂಬರಿನಿಂದ ಕೆನಡದ ಸರ್ಕಾರವು, ಬೋಧನಾಶುಲ್ಕವಲ್ಲದೆ, ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಜೀವನಕ್ಕೆ ತೋರಿಸಬೇಕೆಂದು ಗೊತ್ತುಮಾಡಿದ ಮೊತ್ತ ೨೨,೮೯೫ ಡಾಲರ್. ೨೦೨೩ರವರೆಗೆ ಈ ಮೊತ್ತವು ೧೦ ಸಾವಿರ ಮಾತ್ರವಿದ್ದಿತು. ಎಂದರೆ ಕಾಯಿದೆಗೆ ಒಳಪಟ್ಟು ದುಡಿದವನ ದುಡಿಮೆಯು ಅವನ ಅನ್ನಕ್ಕೂ ಬಾಡಿಗೆಗೂ ಸಾಲದು. ರಜೆಯ ದಿನಗಳಲ್ಲಿ ಹೆಚ್ಚು ದುಡಿಯಲು ಅವಕಾಶವುಂಟು. ಕಾಯಿಲೆ ಬಿದ್ದ ವಾರಗಳಿಗೂ ಪರೀಕ್ಷೆಯ ವಾರಗಳಿಗೂ ಅದು ಸರಿಹೋಗುತ್ತದೆ. ಶುಲ್ಕಕ್ಕೆ ಉಳಿದದ್ದು ಸೊನ್ನೆ. ಉಳಿಸಬೇಕಾದರೆ ಕಾಯಿದೆಯನ್ನು ಮೀರಬೇಕು. ಮೀರಿದವನು ಯಾವ ಯಜಮಾನನೆದುರಿಗೂ ತಲೆಯೆತ್ತುವಂತಿಲ್ಲ. ಈ ಲೆಕ್ಕವನ್ನು ದಲ್ಲಾಳಿಯು ತಿಳಿಯದವನಲ್ಲ, ಹೇಳದವನು.

ಹೇಳದಿರುವುದಕ್ಕಿಂತ ಮುಂದೆ ಹೋದವರೂ ಉಂಟು. ೨೦೨೩ರಲ್ಲಿ ನೂರಾರು ಭಾರತೀಯ ವಿದ್ಯಾರ್ಥಿಗಳು, ಅವರಲ್ಲಿ ಬಹುಮಂದಿ ಪಂಜಾಬಿನವರು, ಕೆನಡದಿಂದ ಗಡೀಪಾರಾಗುವ ಭಯಕ್ಕೆ ಗುರಿಯಾದರು. ಅವರು ಒಪ್ಪಿಸಿದ್ದ ಕಾಲೇಜಿನ ಪ್ರವೇಶಪತ್ರಗಳು ಕೃತ್ರಿಮವೆಂದು ಕಂಡುಬಂದಿದ್ದಿತು. ಅವುಗಳನ್ನು ಒದಗಿಸಿದ್ದವನು ದಲ್ಲಾಳಿ. ತಮಗೆ ಅದು ತಿಳಿದೇ ಇರಲಿಲ್ಲವೆಂದು ಅನೇಕರು ಮೊರೆಯಿಟ್ಟರು. ಮೋಸಮಾಡಿದವನು ಹಣವನ್ನು ಎಣಿಸಿಕೊಂಡಿದ್ದನು. ಮೋಸಹೋದವನು ತನ್ನ ನಿರಪರಾಧವನ್ನು ರುಜುಮಾಡಬೇಕಾಯಿತು.

ಇದುವರೆಗೆ ಹೇಳಿದ್ದು ಹೊರಗಿನವರ ಅಪರಾಧ. ಮನೆಯವರ ಅಪರಾಧವನ್ನು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಬ್ಯಾಂಕುಗಳ ಮಾದರಿ ವಿದ್ಯಾಸಾಲದ ನಿಯಮದಂತೆ ಏಳೂವರೆ ಲಕ್ಷ ರೂಪಾಯಿಗೆ ಮೇಲ್ಪಟ್ಟ ಸಾಲಕ್ಕೆ ಸ್ವತ್ತಿನ ಆಧಾರವು ಬೇಕು. ೨೦೦೨ರ ವಸೂಲಿ ಕಾಯಿದೆಯು ಕೃಷಿಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ ಬ್ಯಾಂಕಿನವರು ಸಾಮಾನ್ಯವಾಗಿ ಹೊಲವನ್ನು ಒಪ್ಪದೆ ವಾಸದ ಮನೆಯನ್ನು ಕೇಳುತ್ತಾರೆ. ಮಗನ ಪ್ರವಾಸಕ್ಕಾಗಿ ತಂದೆಯ ನಿವಾಸವು ಅಡಮಾನವಾಗುತ್ತದೆ. ಅಲ್ಲಿಂದ ಮುಂದೆ ಆ ಹುಡುಗನು ವಿದ್ಯಾರ್ಥಿಯಲ್ಲ. ತಂದೆಯ ಮನೆಯನ್ನು ಬಿಡಿಸಲು ಹೋದ ಋಣದಾಸ. ಓದು ಒಗ್ಗದಿದ್ದರೂ, ಚಳಿ ತಡೆಯದಿದ್ದರೂ, ಒಂದು ಕೋಣೆಯಲ್ಲಿ ಆರು ಮಂದಿ ಮಲಗಿದರೂ ಅವನು ಹಿಂದಿರುಗುವಂತಿಲ್ಲ. ಏತಕ್ಕೆಂದರೆ, ಅವನನ್ನು ಹೊರಡಿಸಿದ ದಿನವೇ ತಂದೆಯು ಊರಿಗೆಲ್ಲಾ ‘ಮಗ ಫಾರಿನ್ನಿನಲ್ಲಿ ಸೆಟ್ಲ್ ಆದ’ ಎಂದು ಸಾರಿಬಿಟ್ಟಿದ್ದಾನೆ. ತಾಯಿಯು ಫೋನಿನಲ್ಲಿ ‘ಊಟ ಆಯಿತೇನಪ್ಪ?’ ಎಂದು ಕೇಳಿದರೆ ‘ಆಯಿತಮ್ಮ’ ಎನ್ನುವುದಲ್ಲದೆ ಅವನಿಗೆ ಬೇರೆ ಉತ್ತರವಿಲ್ಲ. ಇದೇ ವಿವಾಸ. ದಶರಥನು ಮಗನನ್ನು ಕಾಡಿಗೆ ಕಳುಹಿಸಿದಾಗ ಅಯೋಧ್ಯೆಯು ಅತ್ತಿತು. ಇಲ್ಲಿ ಊಟ ಹಾಕಿಸಿ ಕಳುಹಿಸುತ್ತಾರೆ.

ಇನ್ನೊಂದು ಭ್ರಾಂತಿಯನ್ನೂ ಬಿಡಿಸಬೇಕಾಗಿದೆ. ‘ಅಲ್ಲಿ ನೆಲಸಿ, ಸಂಪಾದಿಸಿ, ಇಲ್ಲಿ ತೋಟ ಕೊಳ್ಳುತ್ತಾನೆ’ ಎಂಬ ಆಸೆಯು ಅನೇಕ ತಂದೆಗಳಿಗುಂಟು. ೧೯೫೫ರ ಪೌರತ್ವ ಕಾಯಿದೆಯಂತೆ, ಸ್ವಇಚ್ಛೆಯಿಂದ ಬೇರೊಂದು ದೇಶದ ಪೌರನಾದವನು ಭಾರತದ ಪೌರನಾಗಿ ಉಳಿಯುವುದಿಲ್ಲ. ೨೦೦೫ರಿಂದ ಅಂಥವರಿಗೆ ಸಾಗರೋತ್ತರ ಭಾರತೀಯರೆಂಬ ಚೀಟಿಯು ದೊರೆಯುತ್ತಿದೆಯಾದರೂ ಅದರಿಂದ ಮತದಾನದ ಹಕ್ಕು ಬರುವುದಿಲ್ಲ. ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಕ್ರಯಕ್ಕೆ ಪಡೆಯುವ ಹಕ್ಕೂ ಇಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹೀಗಿರಲು, ತೋಟ ಕೊಳ್ಳುವನೆಂಬ ಆಸೆಯಿಂದ ಇರುವ ತೋಟವನ್ನು ಮಾರಿ ಮಗನನ್ನು ಕಳುಹಿಸುವವನು ಘಟ್ಟಕುಟೀಪ್ರಭಾತ ನ್ಯಾಯಕ್ಕೆ ಉದಾಹರಣೆ. ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲಾ ಅಡ್ಡದಾರಿಯಲ್ಲಿ ನಡೆದ ಗಾಡಿಯವನಿಗೆ ಬೆಳಗಾದದ್ದು ಸುಂಕದ ಕಟ್ಟೆಯ ಎದುರಿಗೆ.

ಇಷ್ಟರಿಂದ ಸಿದ್ಧವಾದದ್ದು ಯಾವುದೆಂದರೆ: ವಿದ್ಯೆಗಾಗಿ ಪರದೇಶಕ್ಕೆ ಹೋಗುವುದು ದೋಷವಲ್ಲ, ಜೀವನಕ್ಕಾಗಿ ಪರದೇಶದಲ್ಲಿ ನೆಲಸುವುದೂ ದೋಷವಲ್ಲ, ಎರಡನೆಯದನ್ನು ಮೊದಲನೆಯದರ ಹೆಸರಿನಲ್ಲಿ ಮಾರುವುದೂ ಕೊಳ್ಳುವುದೂ ದೋಷ. ವಾಸವನ್ನು ಬಯಸುವವನು ವಾಸವನ್ನೇ ಬಯಸಲಿ, ಅದರ ಬೆಲೆಯನ್ನು ಮೊದಲೇ ತಿಳಿಯಲಿ. ವಿದ್ಯೆಯನ್ನು ಬಯಸುವವನು ಕಲಿಸುವವರು ಯಾರೆಂದು ಕೇಳಲಿ. ಆಚಾರ್ಯನ ಹೆಸರನ್ನು ಕೇಳದೆ ಊರಿನ ಹೆಸರನ್ನು ಮಾತ್ರ ಕೇಳಿ ಹೊರಟವನನ್ನು ಅಂತೇವಾಸಿಯೆಂದು ಕರೆಯುವುದು ಶಬ್ದಕ್ಕೆ ಮಾಡಿದ ಅಪಚಾರ.

ಬರಿಯ ಖಂಡನೆಯಿಂದ ಪ್ರಯೋಜನವಿಲ್ಲವಾದ್ದರಿಂದ, ಜಿಲ್ಲೆಯ ಸಂಘಗಳು ಮಾಡಬಹುದಾದ ಕಾರ್ಯವೂ ಉಂಟು. ಮನೆಯ ಪತ್ರವನ್ನು ಬ್ಯಾಂಕಿಗೆ ಒಯ್ಯುವ ಮೊದಲು ಪ್ರತಿಯೊಬ್ಬ ತಂದೆಯೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಆ ಕಾಲೇಜಿಗೆ ಹೊರದೇಶದವರನ್ನು ಸೇರಿಸಿಕೊಳ್ಳುವ ಮನ್ನಣೆಯು ಆ ದೇಶದ ಸರ್ಕಾರದ ಪಟ್ಟಿಯಲ್ಲಿ ಉಂಟೋ? ಆ ಪಾಠಕ್ರಮವನ್ನು ಮುಗಿಸಿದವನಿಗೆ ಕೆಲಸದ ಅಪ್ಪಣೆಯುಂಟೋ, ಉಂಟಾದರೆ ಎಷ್ಟು ತಿಂಗಳು? ಆ ಅಪ್ಪಣೆಯು ಓದಿನ ಮಧ್ಯದಲ್ಲಿ ರದ್ದಾದರೆ ಸಾಲವನ್ನು ಇಲ್ಲಿಯ ಸಂಬಳದಿಂದ ಎಷ್ಟು ವರ್ಷಗಳಲ್ಲಿ ತೀರಿಸಬಹುದು? ಸಲಹೆ ಕೊಡುವವನಿಗೆ ಹಣ ಕೊಡುವವರು ಯಾರು? ಈ ನಾಲ್ಕಕ್ಕೂ ಲಿಖಿತವಾದ ಉತ್ತರವು ದೊರೆಯದಿದ್ದರೆ ಪತ್ರವು ಪೆಟ್ಟಿಗೆಯಲ್ಲಿಯೇ ಇರಲಿ. ಇಂಗ್ಲಿಷಿನಲ್ಲಿರುವ ಈ ನಿಯಮಗಳನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಸಂಗ್ರಹಿಸಿ ಅಚ್ಚುಹಾಕಿಸುವುದು ಒಂದು ಜಿಲ್ಲಾಸಂಘಕ್ಕೆ ಅಸಾಧ್ಯವಾದ ಕೆಲಸವಲ್ಲ. ಸನ್ಮಾನಸಮಾರಂಭಗಳಲ್ಲಿ ಶಾಲುಗಳಿಗೆ ಆಗುವ ವೆಚ್ಚದಲ್ಲಿ ಸ್ವಲ್ಪ ಭಾಗವು ಅದಕ್ಕೆ ಸಾಕು.

ಎರಡನೆಯದಾಗಿ, ನೆಲಸಿದವರನ್ನು ಮಾತ್ರ ವೇದಿಕೆಗೆ ಕರೆದು ಹಾರಹಾಕುವ ಪದ್ಧತಿಯು ನಿಲ್ಲಬೇಕು. ಹಿಂದಿರುಗಿದವರನ್ನೂ, ಕೆಲಸ ಸಿಕ್ಕದೆ ಬಂದವರನ್ನೂ, ಓದು ಅರ್ಧಕ್ಕೇ ನಿಂತು ಬಂದವರನ್ನೂ ಕರೆದು ಮಾತನಾಡಿಸಬೇಕು. ಅವರು ಹೇಳುವುದನ್ನು ಹೊರಡಲಿರುವವರು ಕೇಳಬೇಕು. ‘ಫೇಲಾಗಿ ಬಂದ’ ಎಂಬ ಒಂದು ಮಾತಿನ ಭಯದಿಂದ ಎಷ್ಟೋ ತರುಣರು ಪರದೇಶದ ನೆಲಮಾಳಿಗೆಗಳಲ್ಲಿ ವರ್ಷಗಳನ್ನು ಕಳೆಯುತ್ತಿದ್ದಾರೆ. ಆ ಮಾತನ್ನು ಆಡುವವರು ಕೆನಡದ ಮಂತ್ರಿಗಳಲ್ಲ, ಅಮೆರಿಕದ ಅಧ್ಯಕ್ಷರಲ್ಲ. ಈ ಊರುಗಳ ಜಗುಲಿಗಳ ಮೇಲೆ ಕುಳಿತವರು. ಪರರಾಜ್ಯದ ಕಾಯಿದೆಯನ್ನು ತಿದ್ದುವ ಶಕ್ತಿಯು ಈ ಜಿಲ್ಲೆಗೆ ಇಲ್ಲದಿರಬಹುದು. ತನ್ನ ಜಗುಲಿಯ ಮಾತನ್ನು ತಿದ್ದಿಕೊಳ್ಳುವ ಶಕ್ತಿಯಂತೂ ಉಂಟು. ಹಿಂದಿರುಗಿದ ಮಗನಿಗೆ ಒಂದು ತುತ್ತು ಅನ್ನವನ್ನೂ ಒಂದು ವರ್ಷದ ಅವಕಾಶವನ್ನೂ ಪ್ರಶ್ನೆಯಿಲ್ಲದೆ ಕೊಡುವ ಮನೆಯು, ಮಗನು ಹೋಗುವುದಕ್ಕೂ ಯೋಗ್ಯವಾದ ಮನೆ. ಅದನ್ನು ಕೊಡಲಾರದವರು ಮಗನನ್ನು ಪ್ರವಾಸಕ್ಕೆ ಕಳುಹಿಸುತ್ತಿರುವೆವೆಂದು ಹೇಳದಿರಲಿ. ಅದಕ್ಕೆ ಸಂಸ್ಕೃತದಲ್ಲಿ ಬೇರೆ ಶಬ್ದವುಂಟು.